ಖರ್ಚು ಉಳಿಸೋಕೆ ಅಣ್ಣ ಮಾತ್ರೆ ಬಿಡುತ್ತಿದ್ದಾನೆ, ಡಾಕ್ಟರ್‌ಗೆ ಹೇಳೋಕೆ ಒಪ್ಪುತ್ತಿಲ್ಲ. ಏನು ಮಾಡಲಿ?

ಕಿರಿತಂಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಣ್ಣನಿಗೆ ಬಿಪಿ, ಶುಗರ್ ಎರಡೂ ಇವೆ. ವಯಸ್ಸು ಐವತ್ತರ ಹತ್ತಿರ. ಅವನದು ತಿಂಗಳ ಸಂಬಳದ ಕೆಲಸ ಅಲ್ಲ. ಗುತ್ತಿಗೆ ಸಿಕ್ಕಾಗ ಕೈತುಂಬ ದುಡ್ಡು, ಸಿಗದಿದ್ದಾಗ ಏನೂ ಇಲ್ಲ. ಕೆಲಸ ಇರುವ ತಿಂಗಳಲ್ಲಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾನೆ. ಕೆಲಸ ಇಲ್ಲದಾಗ ದಿನ ಬಿಟ್ಟು ದಿನ. ಕೆಲವನ್ನು ಅರ್ಧ ಮುರಿದು ನುಂಗುತ್ತಾನೆ. ಅತ್ತಿಗೆಗೂ ಇದು ಗೊತ್ತಿರಲಿಲ್ಲ. ಮುಗಿದಿರಬೇಕಾಗಿದ್ದ ಸ್ಟ್ರಿಪ್‌ಗಳಲ್ಲಿ ಅರ್ಧಕ್ಕರ್ಧ ಮಾತ್ರೆ ಹಾಗೇ ಇದ್ದದ್ದು ನನ್ನ ಕಣ್ಣಿಗೆ ಬಿತ್ತು.

ಮೊದಲು "ದೇಹಕ್ಕೂ ಸ್ವಲ್ಪ ರೆಸ್ಟ್ ಬೇಕಲ್ವಾ" ಅಂದ. ಬಿಡದೆ ಕೇಳಿದ ಮೇಲೆ ನಿಜ ಹೇಳಿದ. ಮಗಳ ಫೀಸು, ಮನೆ ಬಾಡಿಗೆ, ಸಾಲದ ಕಂತು. "ಈ ಮೂರರಲ್ಲಿ ಯಾವುದು ತಪ್ಪಿದರೂ ಯಾರಾದರೂ ಬಾಗಿಲಿಗೆ ಬಂದು ಕೇಳುತ್ತಾರೆ. ಮಾತ್ರೆ ತಪ್ಪಿದರೆ ಯಾರೂ ಬಂದು ಕೇಳಲ್ಲ" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ನನ್ನ ಭಯ ಬೇರೆ ಇದೆ. ಹೋದ ಸಲ ಡಾಕ್ಟರ್ ಹತ್ತಿರ ಹೋದಾಗ ಬಿಪಿ ಜಾಸ್ತಿ ಇತ್ತು. ಅವರು "ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದರು. ಇವನು "ಹೂಂ ಸಾರ್" ಅಂದ. ಅವರು ಇನ್ನೊಂದು ಮಾತ್ರೆ ಸೇರಿಸಿ, ಇದ್ದದ್ದರ ಡೋಸ್ ಕೂಡ ಏರಿಸಿದರು. ಈಗ ಖರ್ಚು ಇನ್ನೂ ಜಾಸ್ತಿ. ಹಾಗಾಗಿ ಬಿಡುವುದೂ ಜಾಸ್ತಿ. ರಕ್ತ ಪರೀಕ್ಷೆಗೆ ಬರೆದುಕೊಟ್ಟ ಚೀಟಿ ಜೇಬಿನಲ್ಲೇ ಇದೆ. ಡಾಕ್ಟರ್ ಹತ್ತಿರ ಹೋದರೆ ಆ ದಿನದ ಕೆಲಸವೂ ಹೋಗುತ್ತದೆ ಅನ್ನುತ್ತಾನೆ.

ನಾನು ಕೇಳಬೇಕಾಗಿರುವುದು ಇಷ್ಟೇ. ಡಾಕ್ಟರ್‌ಗೆ ಗೊತ್ತಿಲ್ಲದಿದ್ದರೆ ನಿಜವಾಗಿಯೂ ಅಪಾಯ ಇದೆಯಾ? ಅವನಿಗೆ ಹೇಳದೆ ನಾನೇ ಡಾಕ್ಟರ್‌ಗೆ ಹೇಳಿದರೆ ತಪ್ಪಾ? ಬುದ್ಧಿ ಹೇಳಿದರೆ ಅವನು ಇನ್ನೂ ಮುಚ್ಚಿಡುತ್ತಾನೆ, ಅದು ಗ್ಯಾರಂಟಿ.

---

ವಾರ್ಡ್ ಸಿಸ್ಟರ್:

ತಂಗಿ, ಅಪಾಯ ಇದೆ. ಮಾತ್ರೆ ಬಿಡುವುದು ಒಂದು ಅಪಾಯ. ಬಿಟ್ಟದ್ದು ಡಾಕ್ಟರ್‌ಗೆ ಗೊತ್ತಿಲ್ಲದಿರುವುದು ಇನ್ನೊಂದು. ಎರಡನೆಯದರ ಬಗ್ಗೆ ಜನ ಮಾತಾಡುವುದು ಕಮ್ಮಿ. ಅದಕ್ಕೇ ಬರೆಯುತ್ತಿದ್ದೇನೆ. ನಾನು ತುಂಬಾ ವರ್ಷ ಮೆಡಿಕಲ್ ವಾರ್ಡಿನಲ್ಲಿ ನರ್ಸ್ ಆಗಿದ್ದೆ.

ಡಾಕ್ಟರ್ ಎದುರಿಗೆ ಇರುವುದು ಎರಡೇ. ಮಿಷನ್ ತೋರಿಸಿದ ನಂಬರ್, ರೋಗಿ ಹೇಳಿದ ಮಾತು. ನಂಬರ್ ಜಾಸ್ತಿ ಇದೆ, ರೋಗಿ "ತಗೊಳ್ತಿದ್ದೀನಿ" ಅನ್ನುತ್ತಾನೆ. ಹಾಗಾದರೆ ಈ ಔಷಧಿ ಸಾಲುತ್ತಿಲ್ಲ ಅಂತ ಅವರು ತಿಳಿಯುತ್ತಾರೆ. ಡೋಸ್ ಏರಿಸುತ್ತಾರೆ. ಇನ್ನೊಂದು ಸೇರಿಸುತ್ತಾರೆ. ಕೆಲವೊಮ್ಮೆ ಬಿಪಿ ಯಾಕೆ ಇಳಿಯುತ್ತಿಲ್ಲ ಅಂತ ಕಿಡ್ನಿ ಸ್ಕ್ಯಾನ್, ಹಾರ್ಮೋನ್ ಟೆಸ್ಟ್ ಎಲ್ಲ ಬರೆಯುತ್ತಾರೆ. ದುಡ್ಡಿಲ್ಲ ಅಂತ ಮಾತ್ರೆ ಬಿಟ್ಟವನ ತಲೆಯ ಮೇಲೆ ಇನ್ನಷ್ಟು ಖರ್ಚು ಬೀಳುತ್ತದೆ. ನಿಮ್ಮ ಅಣ್ಣನಿಗೆ ಆಗಿರುವುದು ಅದೇ.

ಇದಕ್ಕಿಂತ ದೊಡ್ಡ ತೊಂದರೆ ಅಡ್ಮಿಟ್ ಆದಾಗ ಬರುತ್ತದೆ. ಯಾವುದೋ ಜ್ವರಕ್ಕೋ, ಕಾಲಿನ ಗಾಯಕ್ಕೋ ಸೇರಿಸಿರುತ್ತಾರೆ. ಹಳೇ ಚೀಟಿಯಲ್ಲಿ ಬಿಪಿಗೆ ಮೂರು ಮಾತ್ರೆ, ಶುಗರ್‌ಗೆ ಎರಡು ಅಂತ ಇರುತ್ತದೆ. ನಾವು ನರ್ಸ್‌ಗಳು ಚಾರ್ಟ್ ನೋಡಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಕೈಗೆ ಕೊಟ್ಟು, ನುಂಗುವವರೆಗೂ ನಿಂತು ನೋಡುತ್ತೇವೆ. ಮನೆಯಲ್ಲಿ ಅರ್ಧವೇ ತೆಗೆದುಕೊಳ್ಳುತ್ತಿದ್ದ ದೇಹಕ್ಕೆ ಒಮ್ಮೆಲೇ ಪೂರ್ತಿ ಡೋಸ್ ಬೀಳುತ್ತದೆ. ಬಿಪಿ ಧಡಕ್ಕನೆ ಇಳಿಯುತ್ತದೆ, ಶುಗರ್ ಇಳಿಯುತ್ತದೆ. ಬಾತ್‌ರೂಮಿಗೆ ಎದ್ದು ಹೋಗುವಾಗ ತಲೆ ಸುತ್ತಿ ಬಿದ್ದವರನ್ನು ನಾನೇ ಎತ್ತಿ ಮಲಗಿಸಿದ್ದೇನೆ. ಆಮೇಲೆ ಮನೆಯವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರೆ ಆಗ ಹೊರಗೆ ಬರುತ್ತದೆ: "ಸಿಸ್ಟರ್, ಅವರು ದಿನಾ ತಗೊಳ್ತಿರಲಿಲ್ಲ." ಚಾರ್ಟ್ ಬರೆದವರದೂ ತಪ್ಪಿಲ್ಲ, ಕೊಟ್ಟವರದೂ ತಪ್ಪಿಲ್ಲ. ಇನ್ನೂ ಗುತ್ತಿಗೆ ಸಿಕ್ಕ ತಿಂಗಳಲ್ಲಿ ನಿಮ್ಮ ಅಣ್ಣನೇ ಮನೆಯಲ್ಲಿ ಹೀಗೆ ಪೂರ್ತಿ ಡೋಸ್ ಶುರು ಮಾಡಿಬಿಡಬಹುದು. ಈ ಸಲ ಡೋಸ್ ಏರಿಸಿದ ಮೇಲಂತೂ ಜಾಗ್ರತೆ.

ನೀವೇ ಡಾಕ್ಟರ್‌ಗೆ ಹೇಳಬಹುದಾ? ಹೇಳಬಹುದು. ರೋಗಿಯ ಒಪ್ಪಿಗೆ ಇಲ್ಲದೆ ಡಾಕ್ಟರ್ ಅವರ ವಿಷಯ ನಿಮಗೆ ಹೇಳುವ ಹಾಗಿಲ್ಲ. ಆದರೆ ನೀವು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಬಹುದು. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೂ ನನ್ನ ಮಾತು ಕೇಳಿ, ಮೊದಲು ಅಣ್ಣನಿಗೇ ಹೇಳಿ: "ನೀನು ಹೇಳದಿದ್ದರೆ ನಾನು ಹೇಳುತ್ತೇನೆ, ನಿನ್ನ ಎದುರಿಗೇ ಹೇಳುತ್ತೇನೆ." ಬೆನ್ನ ಹಿಂದೆ ಹೇಳಿದ್ದು ಗೊತ್ತಾದರೆ ಮುಂದಿನ ಸಲ ಮಾತ್ರೆ ಸ್ಟ್ರಿಪ್ ನಿಮ್ಮ ಕಣ್ಣಿಗೂ ಬೀಳದ ಹಾಗೆ ಇಡುತ್ತಾರೆ.

ಇನ್ನು ಡಾಕ್ಟರ್‌ಗಳ ಬಗ್ಗೆ ಒಂದು ಮಾತು, ಬೇಜಾರಿನಿಂದಲೇ ಹೇಳುತ್ತೇನೆ. "ತಗೊಳ್ತಿದ್ದೀರಾ?" ಅಂತ ಕೇಳಿದರೆ ಎಲ್ಲರೂ "ಹೂಂ" ಅನ್ನುತ್ತಾರೆ. ಆ ಪ್ರಶ್ನೆಗೆ ಬೇರೆ ಉತ್ತರ ಕೊಡಲು ಧೈರ್ಯ ಬೇಕು. "ತುಂಬಾ ಜನಕ್ಕೆ ಪ್ರತಿ ತಿಂಗಳೂ ಎಲ್ಲ ಮಾತ್ರೆ ತಗೊಳ್ಳೋಕೆ ಆಗಲ್ಲ. ನಿಮಗೆ ಈ ತಿಂಗಳು ಎಷ್ಟು ದಿನ ತಪ್ಪಿತು?" ಅಂತ ಕೇಳಿ ನೋಡಿ. ಬಾಯಿ ತೆರೆಯುತ್ತದೆ. ನಮ್ಮ ವಾರ್ಡಿನಲ್ಲಿ ನಾನು ಕೇಳುತ್ತಿದ್ದದ್ದು ಹೀಗೇ.

---

ನೇರಮಾತು:

ಯಾರಿಗೂ ಬೇಜಾರು ಬೇಡ. ದುಡ್ಡಿಲ್ಲ ಅನ್ನುವುದು ಎಷ್ಟೋ ಸಲ ನೆಪ. ಫೋನಿಗೆ ರೀಚಾರ್ಜ್ ಇರುತ್ತದೆ, ಮದುವೆ ಮುಂಜಿಗೆ ಇರುತ್ತದೆ, ಮಾತ್ರೆಗೆ ಮಾತ್ರ ಇರಲ್ಲ. ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳದವರು ಇದ್ದಾರೆ. ಅಣ್ಣನಿಗೆ ಶಿಸ್ತು ಬೇಕು. ಅಷ್ಟೇ.

---

ಹಳೆ ಆರೋಗ್ಯ ಕಾರ್ಯಕರ್ತ:

ನೇರಮಾತು ಅವರೇ, ನೀವು ಹೇಳಿದ್ದರಲ್ಲಿ ಒಂದು ಭಾಗ ನಿಜ. ಅದನ್ನು ಒಪ್ಪಿಕೊಂಡೇ ಉಳಿದದ್ದನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಆದವರಿಗೆ ಆಮೇಲಿನ ಮಾತ್ರೆಗಳನ್ನು ಪೂರ್ತಿ ಉಚಿತವಾಗಿ ಕೊಟ್ಟು ನೋಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಉಚಿತ ಕೊಟ್ಟರೂ ಸರಿಯಾಗಿ ತೆಗೆದುಕೊಳ್ಳುವವರ ಪ್ರಮಾಣ ಏರಿದ್ದು ಶೇ. 4ರಿಂದ 6ರಷ್ಟು ಮಾತ್ರ. ಅಂದರೆ ದುಡ್ಡೊಂದೇ ಕಾರಣ ಅಲ್ಲ. ಮರೆವು, ಸೈಡ್ ಎಫೆಕ್ಟ್ ಭಯ, "ನಾನು ಚೆನ್ನಾಗೇ ಇದ್ದೀನಲ್ಲ" ಅನ್ನುವ ಭಾವನೆ, ಎಲ್ಲವೂ ಇವೆ. ಆದರೆ ಕೆನಡಾದಲ್ಲಿ ಬೇರೆ ಥರ ಮಾಡಿದರು. ಖರ್ಚಿನ ಕಾರಣಕ್ಕೇ ಔಷಧಿ ಬಿಡುತ್ತಿದ್ದೇವೆ ಅಂದವರನ್ನೇ ಆರಿಸಿ ಮುಖ್ಯ ಔಷಧಿಗಳನ್ನು ಉಚಿತವಾಗಿ ಕೊಟ್ಟರು. ಅದರ ಫಲಿತಾಂಶ 2019ರಲ್ಲಿ ಬಂತು. ಅಲ್ಲಿ ಏರಿಕೆ ಶೇ. 11ಕ್ಕಿಂತ ಜಾಸ್ತಿ. ದುಡ್ಡು ಯಾರಿಗೆ ಅಡ್ಡಿಯೋ ಅವರಿಗೆ ದುಡ್ಡಿನ ಪರಿಹಾರ ಕೆಲಸ ಮಾಡುತ್ತದೆ. ಈ ತಂಗಿಯ ಅಣ್ಣ ಯಾವ ಗುಂಪಿನವರು ಅಂತ ಅವರೇ ಬರೆದಿದ್ದಾರೆ: ದುಡ್ಡಿರುವ ತಿಂಗಳಲ್ಲಿ ಸರಿಯಾಗಿ ತೆಗೆದುಕೊಳ್ಳುತ್ತಾನೆ. ಶಿಸ್ತು ಇಲ್ಲದವನು ಆ ತಿಂಗಳಲ್ಲೂ ಬಿಡಬೇಕಿತ್ತು ಅಲ್ವಾ?

ಖರ್ಚು ಕೈಯಿಂದ ಹೋಗುವಾಗ ಜನ ಬೇಡದ ಚಿಕಿತ್ಸೆಯನ್ನಷ್ಟೇ ಬಿಡುತ್ತಾರೆ ಅಂತ ತಿಳಿದವರೂ ಇದ್ದಾರೆ. ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 1970ರ ದಶಕದಿಂದ 1982ರವರೆಗೆ ಇದನ್ನು ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿತು. ಜನ ಬೇಡದ್ದನ್ನೂ ಬಿಟ್ಟರು, ಬೇಕಾದದ್ದನ್ನೂ ಬಿಟ್ಟರು. ಹೆಚ್ಚಿನವರ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಪಿ ಇದ್ದ ಬಡವರಿಗೆ ಉಚಿತ ಚಿಕಿತ್ಸೆ ಸಿಕ್ಕಾಗ ಬಿಪಿ ಚೆನ್ನಾಗಿ ಹತೋಟಿಗೆ ಬಂತು. ಯಾವ ಮಾತ್ರೆ ಬೇಕು, ಯಾವುದು ಬೇಡ ಅಂತ ರೋಗಿ ಹೇಗೆ ಆರಿಸುತ್ತಾನೆ ಹೇಳಿ? ನೋವಿನ ಮಾತ್ರೆ ಬಿಟ್ಟರೆ ಅವತ್ತೇ ಗೊತ್ತಾಗುತ್ತದೆ. ಬಿಪಿ ಮಾತ್ರೆ ಬಿಟ್ಟರೆ ಏನೂ ಗೊತ್ತಾಗಲ್ಲ. ಹಾಗಾಗಿ ಮೊದಲು ಬಿಡುವುದು ಅದನ್ನೇ.

ಇನ್ನೂ ಒಂದಿದೆ. ಆದಾಯ ಯಾವಾಗ ಬರುತ್ತದೋ ಗೊತ್ತಿಲ್ಲದ ಮನುಷ್ಯನ ತಲೆ ಪೂರ್ತಿ ಅದರಲ್ಲೇ ಇರುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಬಿಪಿ, ಶುಗರ್ ಎರಡೂ ಕೆಡುತ್ತವೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ಹಣ ಕೈಗೆ ಬಂದ ಮೇಲೆ ಒಮ್ಮೆ ಬುದ್ಧಿಶಕ್ತಿಯ ಪರೀಕ್ಷೆ ಮಾಡಿದ್ದರು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದೇ ರೈತರು, ಆದರೆ ಕೈ ಬರಿದಾಗಿದ್ದಾಗ ಕಮ್ಮಿ ಅಂಕ ಪಡೆದಿದ್ದರು. ಈ ಅಧ್ಯಯನದ ಬಗ್ಗೆ ಆಮೇಲೆ ವಾದವೂ ನಡೆದಿದೆ. ನನಗಂತೂ ಹಳ್ಳಿ ಹಳ್ಳಿ ತಿರುಗಿ ನೋಡಿದ್ದಕ್ಕೆ ಅದು ಸರಿಯಾಗಿ ಹೊಂದುತ್ತದೆ. ನಾಲ್ಕು ಥರದ ಮಾತ್ರೆ, ನಾಲ್ಕು ಹೊತ್ತು, ಮುಂದಿನ ತಪಾಸಣೆಯ ತಾರೀಕು, ಇದೆಲ್ಲ ನೆನಪಿಟ್ಟುಕೊಳ್ಳೋಕೆ ನೆಮ್ಮದಿಯ ತಲೆ ಬೇಕು.

ಇದು ನಾಲ್ಕು ಮನೆಯ ಕಥೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ 2023ರಲ್ಲಿ ಕೊಟ್ಟ ವರದಿ ಪ್ರಕಾರ ಚಿಕಿತ್ಸೆಯ ಖರ್ಚಿನಿಂದ ಕಷ್ಟಕ್ಕೆ ಬಿದ್ದವರು ಜಗತ್ತಿನಲ್ಲಿ ಸುಮಾರು 200 ಕೋಟಿ. ಮನೆ ಖರ್ಚಿನ ಶೇ. 10ಕ್ಕಿಂತ ಜಾಸ್ತಿ ಚಿಕಿತ್ಸೆಗೇ ಹೋದರೆ ಅದನ್ನು ತಡೆಯಲಾಗದ ಹೊರೆ ಅಂತ ಆ ವರದಿ ಲೆಕ್ಕ ಹಾಕುತ್ತದೆ. ಆದರೆ ಈ ಅಣ್ಣನಂಥವರು ಆ ಲೆಕ್ಕಕ್ಕೇ ಸಿಗುವುದಿಲ್ಲ. ಖರ್ಚು ಮಾಡಿ ಮುಳುಗಿದವರು ಲೆಕ್ಕಕ್ಕೆ ಬರುತ್ತಾರೆ. ಖರ್ಚೇ ಮಾಡದೆ ಮಾತ್ರೆ ಬಿಟ್ಟವರು ಆ ಪಟ್ಟಿಯಲ್ಲಿ "ತೊಂದರೆ ಇಲ್ಲ" ಅನ್ನುವ ಕಡೆ ಕೂತಿರುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

---

ಮೆಡಿಕಲ್ ಶಾಪ್ ಗೆಳೆಯ:

ಕೌಂಟರಿನ ಈ ಕಡೆಯಿಂದ ಸ್ವಲ್ಪ ಹೇಳುತ್ತೇನೆ ಅಕ್ಕ. ಯಾರು ಮಾತ್ರೆ ಬಿಡುತ್ತಿದ್ದಾರೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುವುದು ನಮಗೆ. ಚೀಟಿಯಲ್ಲಿ ಒಂದು ತಿಂಗಳಿಗೆ ಬರೆದಿರುತ್ತಾರೆ, "ಸದ್ಯಕ್ಕೆ ಒಂದು ಸ್ಟ್ರಿಪ್ ಕೊಡಿ" ಅನ್ನುತ್ತಾರೆ. ಅಥವಾ ಚೀಟಿ ಮುಂದಿಟ್ಟು "ಇದರಲ್ಲಿ ಮುಖ್ಯವಾದದ್ದು ಯಾವುದು? ಅದಷ್ಟೇ ಸಾಕು" ಅನ್ನುತ್ತಾರೆ. ಈ ಪ್ರಶ್ನೆ ನಮ್ಮನ್ನು ಕೇಳಬೇಡಿ. ಡಾಕ್ಟರ್‌ನ ಕೇಳಿ. ಇದೇ ಮಾತಿನಲ್ಲಿ ಕೇಳಿ: "ಡಾಕ್ಟ್ರೇ, ಎಲ್ಲ ತಗೊಳ್ಳೋಕೆ ಆಗದ ತಿಂಗಳಲ್ಲಿ ಯಾವುದನ್ನು ಬಿಡಲೇಬಾರದು?" ಎಷ್ಟೋ ಚೀಟಿಗಳಲ್ಲಿ ವಿಟಮಿನ್ನು, ಟಾನಿಕ್ಕು, ಯಾವಾಗಲೋ ಹೊಟ್ಟೆ ಉರಿಗೆ ಬರೆದ ಗ್ಯಾಸ್ ಮಾತ್ರೆ ಹಾಗೇ ಉಳಿದುಕೊಂಡಿರುತ್ತವೆ. ಕೇಳಿದರೆ ಡಾಕ್ಟರ್ ತೆಗೆದು ಹಾಕುತ್ತಾರೆ. ಕೇಳದಿದ್ದರೆ ಜನ ವಿಟಮಿನ್ ತೆಗೆದುಕೊಂಡು ಬಿಪಿ ಮಾತ್ರೆ ಬಿಡುತ್ತಾರೆ. ದಿನಾ ನೋಡುತ್ತೇನೆ.

ಮುರಿಯುವ ವಿಷಯ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಕೇಳದೆ ಮುರಿಯಬಾರದು. ಮುರಿದರೆ ಇಡೀ ದಿನಕ್ಕೆ ಹಂಚಿ ಹೋಗಬೇಕಾದ ಔಷಧಿ ಒಮ್ಮೆಲೇ ಒಳಗೆ ಇಳಿಯಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ ಧಿಡೀರ್ ಅಂತ ನಿಲ್ಲಿಸಬಾರದು, ಎದೆಬಡಿತ ಏರುತ್ತದೆ, ಹಾರ್ಟ್ ತೊಂದರೆ ಇದ್ದವರಿಗೆ ಎದೆನೋವೂ ಬರಬಹುದು. ಕ್ಲೋನಿಡಿನ್ ಅನ್ನುವ ಬಿಪಿ ಮಾತ್ರೆ ಧಿಡೀರ್ ಅಂತ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರಬಹುದು.

ಖರ್ಚು ಇಳಿಸುವ ದಾರಿ ಇದೆ. ಬಿಪಿ, ಶುಗರ್‌ಗೆ ಸಾಮಾನ್ಯವಾಗಿ ಕೊಡುವ ಆಮ್ಲೋಡಿಪಿನ್, ಮೆಟ್‌ಫಾರ್ಮಿನ್ ಥರದವು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇವೆ. ಜೆನೆರಿಕ್ ಆಗಿ ಸಿಗುತ್ತವೆ. ಒಳಗಿರುವ ಔಷಧಿ ಅದೇ, ಹೆಸರು ಮತ್ತು ಬೆಲೆ ಬೇರೆ. "ಇದರ ಜೆನೆರಿಕ್ ಬರೆದುಕೊಡಿ" ಅಂತ ಡಾಕ್ಟರ್‌ಗೆ ಹೇಳಲು ಹಿಂಜರಿಯಬೇಡಿ. ಥೈರಾಯ್ಡ್, ಮೂರ್ಛೆ, ರಕ್ತ ತೆಳು ಮಾಡುವ ವಾರ್ಫರಿನ್ ಇವುಗಳಲ್ಲಿ ಮಾತ್ರ ಕಂಪನಿ ಬದಲಿಸುವ ಮುಂಚೆ ಡಾಕ್ಟರ್‌ಗೆ ಹೇಳಿಯೇ ಬದಲಿಸಿ.

---

ದಿನಗೂಲಿ ಮಂಜಣ್ಣ:

ನಾನೂ ನಿಮ್ಮ ಅಣ್ಣನ ಥರವೇ ದುಡಿಯುವವನು ತಂಗೆಮ್ಮ. ಅವನ ಮನಸ್ಸು ನನಗೆ ಅರ್ಥ ಆಗುತ್ತೆ.

ದುಡ್ಡಿಲ್ಲ ಅಂತ ಹೇಳೋಕೆ ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಹೇಳಿದ ಮೇಲೆ ಡಾಕ್ಟರ್ ನಮ್ಮನ್ನು ಕಮ್ಮಿ ನೋಡಿಕೊಳ್ಳುತ್ತಾರೇನೋ, "ಇವನಿಗೆ ಇಷ್ಟೇ ಸಾಕು" ಅಂದುಕೊಳ್ಳುತ್ತಾರೇನೋ ಅಂತ. ಹಾಗಾಗಿ ಇರುವ ಶರ್ಟಿನಲ್ಲಿ ಒಳ್ಳೆಯದು ಹಾಕಿಕೊಂಡು ಹೋಗಿ, ಎಲ್ಲದಕ್ಕೂ ಹೂಂ ಅಂದು ಬರುತ್ತೇವೆ.

ನನಗೆ ಬಾಯಿ ಬಂದದ್ದು ಹೀಗೆ. "ದುಡ್ಡಿಲ್ಲ" ಅನ್ನುವ ಬದಲು "ಸಾರ್, ನನ್ನ ದುಡಿಮೆ ಎಲ್ಲ ತಿಂಗಳೂ ಒಂದೇ ಥರ ಇರಲ್ಲ. ಕೆಲಸ ಇಲ್ಲದ ತಿಂಗಳಿಗೂ ನಡೆಯುವ ಹಾಗೆ ಔಷಧಿ ಬರೆದುಕೊಡಿ" ಅಂದೆ. ಅದರಲ್ಲಿ ಬೇಡುವುದು ಏನೂ ಇಲ್ಲ. ಕೆಲಸದ ಮಾತು. ಅವರು ಪೆನ್ನು ಕೆಳಗಿಟ್ಟು ಸರಿಯಾಗಿ ಕೇಳಿದರು. ಎರಡು ಮಾತ್ರೆಯನ್ನು ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ ಒಂದು ಮಾತ್ರೆಗೆ ಬದಲಿಸಿದರು. ಪದೇ ಪದೇ ಬರುವುದು ಬೇಡ, ಬಿಪಿ ಹತ್ತಿರದಲ್ಲೇ ಎಲ್ಲಾದರೂ ನೋಡಿಸಿಕೊಂಡು ನಂಬರ್ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಹೇಳಿ ಅಂದರು. ನಿಜ ಹೇಳಬೇಕೆಂದರೆ ನನಗೆ ಔಷಧಿಗಿಂತ ಜಾಸ್ತಿ ಹೊಡೆತ ಕೊಡುತ್ತಿದ್ದದ್ದು ಆ ಓಡಾಟ. ಬಸ್ಸು, ಕಾಯುವುದು, ಹೋದ ಕೂಲಿ, ಜತೆಗೆ ಬಂದವರ ಕೂಲಿ. ಬಿಲ್ಲಿನಲ್ಲಿ ಇದ್ಯಾವುದೂ ಇರಲ್ಲ.

ಸಿಡುಕುವ ಡಾಕ್ಟರ್‌ಗಳೂ ಇದ್ದಾರೆ. ಇಲ್ಲ ಅನ್ನಲ್ಲ. ಹಾಗಿದ್ದರೆ ಬೇರೆಯವರನ್ನು ಹುಡುಕಿ. ಅಥವಾ ಅಲ್ಲಿನ ನರ್ಸಮ್ಮನ ಹತ್ತಿರ ಮೊದಲು ಹೇಳಿ.

---

ಕಿರಿತಂಗಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಮಂಜಣ್ಣ ಬರೆದದ್ದನ್ನು ಅಣ್ಣನಿಗೆ ಓದಿ ಹೇಳಿದೆ. "ಇವನ್ಯಾರೋ ನನ್ನ ಪೈಕಿನೇ" ಅಂದ. ಡಾಕ್ಟರ್ ಹತ್ತಿರ ಬರುತ್ತೇನೆ ಅಂತ ಇನ್ನೂ ಒಪ್ಪಿಲ್ಲ. ಸುಮ್ನೆ ಕೂತ. ಆದರೆ ಬೈಯಲಿಲ್ಲ.

ಮಾತಾಡುತ್ತಾ ಇನ್ನೊಂದು ವಿಷಯ ಬಾಯಿ ಬಿಟ್ಟ, ಅದಕ್ಕೇ ಮತ್ತೆ ಬಂದೆ. ಕೆಲಸ ಇಲ್ಲದ ದಿನಗಳಲ್ಲಿ ಮಧ್ಯಾಹ್ನದ ಊಟವನ್ನೂ ಬಿಡುತ್ತಾನಂತೆ. ಶುಗರ್ ಇರುವವರು ಕಮ್ಮಿ ತಿಂದರೆ ಒಳ್ಳೆಯದೇ ಅಂತ ಅವನ ಲೆಕ್ಕ. ಆದರೆ ಒಂದೆರಡು ಸಲ ಕೈ ನಡುಗಿ ಮೈಯೆಲ್ಲ ಬೆವತಿತ್ತಂತೆ. ಸ್ಟ್ರಿಪ್ ಮೇಲೆ ಗ್ಲಿಮೆಪಿರೈಡ್ ಅಂತ ಇದೆ, ಮೆಟ್‌ಫಾರ್ಮಿನ್ ಜತೆ ಸೇರಿದ್ದು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಸಿಸ್ಟರ್?

---

ವಾರ್ಡ್ ಸಿಸ್ಟರ್:

ಇದೆ ತಂಗಿ. ಒಳ್ಳೆಯದಾಯಿತು ಕೇಳಿದ್ದು. ಇದು ತಡ ಮಾಡುವ ವಿಷಯ ಅಲ್ಲ. ಈ ವಾರವೇ ಡಾಕ್ಟರ್‌ಗೆ ಫೋನ್ ಆದರೂ ಮಾಡಿ ಹೇಳಿ.

ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ತೀರಾ ಕೆಳಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಇನ್ಸುಲಿನ್ ಹೊರಗೆ ಬರುವ ಹಾಗೆ ಮಾಡುತ್ತದೆ, ನೀವು ಉಂಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಊಟ ಬಿಟ್ಟು ಮಾತ್ರೆ ನುಂಗಿದರೆ ಶುಗರ್ ಇಳಿಯುತ್ತದೆ. ನಡುಕ, ಬೆವರು, ಎದೆ ಡವಡವ, ಮಾತು ತೊದಲುವುದು, ಸಿಟ್ಟು, ಇವೆಲ್ಲ ಅದರ ಗುರುತು. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ದಾಖಲೆ ನೋಡಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಬಂದಿತ್ತು. ಕಡಿಮೆ ಆದಾಯದವರು ಶುಗರ್ ಇಳಿದು ಅಡ್ಮಿಟ್ ಆಗುವುದು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ. 27ರಷ್ಟು ಜಾಸ್ತಿ ಇತ್ತು. ಅನುಕೂಲಸ್ಥರಲ್ಲಿ ಈ ಏರಿಕೆ ಇರಲಿಲ್ಲ. ತಿಂಗಳ ಕೊನೆಗೆ ಕೈ ಖಾಲಿ, ತಟ್ಟೆಯೂ ಖಾಲಿ, ಮಾತ್ರೆ ಮಾತ್ರ ಅಷ್ಟೇ. ನಿಮ್ಮ ಅಣ್ಣನಿಗೆ ತಿಂಗಳ ಕೊನೆ ಅಂತ ಇಲ್ಲ, ಕೆಲಸ ಇಲ್ಲದ ದಿನವೇ ಅದು.

ಮತ್ತೆ ಹಾಗಾದರೆ ಕಾಯಬೇಡಿ. ಶುಗರ್ ನೋಡುವ ಮಿಷನ್ ಇದ್ದರೆ ನೋಡಿ, 70ಕ್ಕಿಂತ ಕಮ್ಮಿ ಇದ್ದರೆ ಇಳಿದಿದೆ ಅಂತಲೇ. ಮಿಷನ್ ಇಲ್ಲದಿದ್ದರೂ ಕೊಟ್ಟುಬಿಡಿ. 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿ ಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸರಿ ಹೋದ ಮೇಲೆ ಊಟ ಮಾಡಲೇಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ, ನೇರ ಆಸ್ಪತ್ರೆಗೆ. ಅಲ್ಲಿ ಗ್ಲಿಮೆಪಿರೈಡ್ ತೆಗೆದುಕೊಂಡಿದ್ದಾರೆ ಅಂತ ಮೊದಲೇ ಹೇಳಿ. ಈ ಮಾತ್ರೆಯಿಂದ ಇಳಿದ ಶುಗರ್ ಏರಿದ ಹಾಗೆ ಕಂಡು ಕೆಲವು ಗಂಟೆ ಆದ ಮೇಲೆ ಮತ್ತೆ ಇಳಿಯಬಹುದು, ಅದಕ್ಕೆ ಬೇಗ ಮನೆಗೆ ಕರೆತರಬೇಡಿ.

ಡಾಕ್ಟರ್‌ಗೆ ಫೋನ್ ಮಾಡಿದಾಗ ಊಟ ಬಿಡುವ ವಿಷಯದಿಂದಲೇ ಶುರು ಮಾಡಿ. ಊಟದ ಹೊತ್ತು ಗ್ಯಾರಂಟಿ ಇಲ್ಲದವರಿಗೆ ಬೇರೆ ಮಾತ್ರೆ ಯೋಚಿಸಬಹುದು, ಡೋಸ್ ಇಳಿಸಬಹುದು, ಊಟ ಇಲ್ಲದ ಹೊತ್ತು ಏನು ಮಾಡಬೇಕು ಅಂತ ಬರೆದುಕೊಡಬಹುದು. ಬಿಪಿ ಮಾತ್ರೆಯ ವಿಷಯ, ಏರಿಸಿದ ಡೋಸಿನ ವಿಷಯ ಅದೇ ಫೋನಿನಲ್ಲಿ ಬರಲಿ. ಅಣ್ಣ ಪಕ್ಕದಲ್ಲಿ ಕೂತಿರಲಿ, ಸ್ಪೀಕರ್ ಹಾಕಿ. ಅತ್ತಿಗೆಗೂ ಆ ಮೂರು ಚಮಚದ ಲೆಕ್ಕ ಇವತ್ತೇ ಹೇಳಿಕೊಡಿ.